ಸೇನೆಯೊಳಗಿನ ಪಾದ್ರಿ

ಕೊಲ್ಲುವುದೇ ಕಾರ್ಯವಾಗಿರುವ ಸೈನ್ಯದಲ್ಲಿ ಪಾದ್ರಿಗೇನು ಕೆಲಸ? ಸಮವಸ್ತ್ರವನ್ನು ತೊಟ್ಟು ಸರಕಾರದ ಸಂಬಳವನ್ನು ಉಣ್ಣುವವನು, ಆಯುಧವನ್ನು ಮುಟ್ಟದ ಮಾತ್ರಕ್ಕೆ, ಆ ಕೊಲೆಯಲ್ಲಿ ಪಾಲುಗಾರನಲ್ಲವೆ? ಆಕ್ಷೇಪವು ಹಗುರವಾದುದಲ್ಲ.

ಅಮೆರಿಕದ ಮೆಥಡಿಸ್ಟ್ ಪಾದ್ರಿ ಜಾನ್ ಚಿವಿಂಗ್ಟನ್ನನು ಅಂತರ್ಯುದ್ಧದ ಕಾಲದಲ್ಲಿ ತನಗೆ ಬಂದ ಈ ಪದವಿಯನ್ನು ಒಲ್ಲದೆ, ಕಾದುವ ಅಧಿಕಾರವನ್ನೇ ಬೇಡಿ ಪಡೆದನು. 1864ರಲ್ಲಿ ಸ್ಯಾಂಡ್ ಕ್ರೀಕಿನಲ್ಲಿ ಅವನ ದಂಡು ಕೊಂದ ಶೈಯೆನ್, ಅರಾಪಾಹೋ ಜನರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಆಯುಧವನ್ನು ಬೇಡುವವನಿಗೆ ಈ ಪದವಿಯು ಅಡ್ಡಿಯಾಯಿತೆಂದರೆ ಅದು ಬರಿಯ ಸೋಗಲ್ಲ, ಒಂದು ಕಟ್ಟು.

ಜಾರ್ಜ್ ಫಾಕ್ಸನು ಆ ಕಟ್ಟಿನೊಳಗೆ ನಡೆದವನು. ಹದಿಹರೆಯದಲ್ಲಿಯೇ ಮೊದಲ ಮಹಾಯುದ್ಧದ ವೈದ್ಯದಳವನ್ನು ಸೇರಿದ್ದನು. 1934ರಲ್ಲಿ ಮೆಥಡಿಸ್ಟ್ ಪಾದ್ರಿಯಾದನು. 1942ರಲ್ಲಿ, ನಲ್ವತ್ತು ದಾಟಿದ ಮೇಲೆ, ತಾನಾಗಿಯೇ ಮತ್ತೆ ಸೈನ್ಯಕ್ಕೆ ಬಂದನು. 1943ನೆಯ ಫೆಬ್ರವರಿ 3ರಂದು ನಡುರಾತ್ರಿ ಕಳೆದ ಮೇಲೆ ಗ್ರೀನ್‌ಲೆಂಡಿನ ಸಮುದ್ರದಲ್ಲಿ ಡಾರ್ಚೆಸ್ಟರ್ ಹಡಗಿಗೆ ಜರ್ಮನ್ ಜಲಾಂತರ್ನೌಕೆಯ ಟಾರ್ಪೆಡೋ ತಗುಲಿತು. ಸುಮಾರು 900 ಜನರಲ್ಲಿ ಬದುಕಿದವರು 230. ಫಾಕ್ಸನೂ, ಒಬ್ಬ ಯೆಹೂದಿ ರಬ್ಬಿಯೂ, ಒಬ್ಬ ಕೆಥೊಲಿಕ್ ಪಾದ್ರಿಯೂ, ಇನ್ನೊಬ್ಬ ಪ್ರಾಟೆಸ್ಟಂಟ್ ಪಾದ್ರಿಯೂ ತಮ್ಮ ಜೀವರಕ್ಷಕ ಕವಚಗಳನ್ನು ಬಿಚ್ಚಿ ಇಲ್ಲದವರಿಗೆ ಕೊಟ್ಟು ಹಡಗಿನೊಡನೆ ಮುಳುಗಿದರು.

ಹಾಗೆ ಉಳಿದ ಸೈನಿಕನು ಮುಂದೆ ಯಾರನ್ನು ಕೊಂದನೋ ಎಂದು ಆಕ್ಷೇಪಕನು ಕೇಳಬಹುದು. ಕೇಳಲಿ, ಮುಳುಗುವವನೆದುರು ಆ ಲೆಕ್ಕವನ್ನು ಹಾಕದ ಒಬ್ಬನು ದಂಡಿನಲ್ಲಿ ಇರಬೇಡವೆ? ಸೈನ್ಯಕ್ಕೂ ಇವರನ್ನು ಅಳೆಯುವ ಕೋಲು ಸಿಕ್ಕಲಿಲ್ಲ. ಅದರ ಪರಮ ಪದಕವು ಶತ್ರುವಿನ ಗುಂಡಿನೆದುರು ತೋರಿದ ಶೌರ್ಯಕ್ಕೆ ಮಾತ್ರ ಎಂಬುದು ನಿಯಮ. (ಟಾರ್ಪೆಡೋ ಶತ್ರುವಿನದಲ್ಲವೋ ಏನೋ!) ಕೊನೆಗೆ 1960ರಲ್ಲಿ ಅಮೆರಿಕದ ಕಾಂಗ್ರೆಸ್ಸು ಈ ನಾಲ್ವರಿಗಾಗಿಯೇ ಬೇರೊಂದು ಪದಕವನ್ನು ಏರ್ಪಡಿಸಬೇಕಾಯಿತು.