ಸ್ಟೋವಿನ ಸದ್ದು

ಹೋದ ಬೇಸಿಗೆಯಲ್ಲಿ ತುಮಕೂರಿನ ಮನೆ ಮಾರುವುದು ಅಂತ ತೀರ್ಮಾನವಾದಾಗ ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ತೂತು ಬಿದ್ದ ಕೊಪ್ಪರಿಗೆ, ಮುರಿದ ತೊಟ್ಟಿಲು, ಮೂರು ಮೂಟೆ ಹಳೇ ಪಠ್ಯಪುಸ್ತಕ. ಇವುಗಳ ಹಿಂದೆ ಗೋಣಿಚೀಲದಲ್ಲಿ ಸುತ್ತಿಟ್ಟ ಒಂದು ಹಿತ್ತಾಳೆ ಪಂಪ್ ಸ್ಟೋವ್. ಇಳಿಸಿ ತಂದು ಅಮ್ಮನ ಮುಂದಿಟ್ಟು "ಇದು ನಮ್ಮದಾ?" ಅಂದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. "ಅಲ್ಲ ಕಣೋ. ವಠಾರದಲ್ಲಿ ಪಕ್ಕದ ಮನೆಯವರದ್ದು. ಖಾಲಿ ಮಾಡ್ಕೊಂಡು ಹೋಗೋವಾಗ ಮೂವತ್ತು ರೂಪಾಯಿಗೆ ಕೊಟ್ಟು ಹೋದ್ರು" ಅಂದು ಒಳಗೆ ಹೋದರು.

ಪಕ್ಕದ ಮನೆಯವರು ಅಂದರೆ ಯಾರು ಅಂತ ನನಗೆ ಗೊತ್ತು. 1983ರಲ್ಲಿ ಅವರ ಸೊಸೆ ತೀರಿಕೊಂಡಳು. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ನಾನಾಗ ಆರನೇ ಕ್ಲಾಸು. 'ಸ್ಟೋವ್ ಸಿಡಿದು ಹೋಗಿಬಿಟ್ಟಳು' ಅಂತ ದೊಡ್ಡವರು ಹೇಳಿದರು, ನಾವು ಮಕ್ಕಳು ಸ್ಕೂಲಲ್ಲಿ ಅದನ್ನೇ ಹೇಳಿದೆವು. ಎರಡು ತಿಂಗಳಲ್ಲಿ ಅವರು ಮನೆ ಬಿಟ್ಟು ಹೋದರು.

ಇಂಥ ಕತೆ ಅಂಟಿಕೊಂಡಿರುವ ವಸ್ತುವನ್ನು ಏನು ಮಾಡಬೇಕು? ಗುಜರಿಗೆ ಹಾಕಬಹುದಿತ್ತು, ಹಿತ್ತಾಳೆಗೆ ಈಗ ಒಳ್ಳೇ ರೇಟಿದೆ. ತಮ್ಮನ ಹೆಂಡತಿ ಫೋಟೋ ನೋಡಿ, ಪಾಲಿಶ್ ಮಾಡಿಸಿ ಹಾಲ್‌ನಲ್ಲಿಟ್ಟರೆ ಎಷ್ಟು ಚೆನ್ನಾಗಿರುತ್ತೆ ಅಂದಳು. (ಅವಳದ್ದೇನೂ ತಪ್ಪಿಲ್ಲ. ಕತೆಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ.) ನಾನು ಎರಡೂ ಮಾಡದೆ, ಅಮ್ಮನ ಜೊತೆ ಅದನ್ನೂ ಬೆಂಗಳೂರಿಗೆ ತಂದು ರಿಪೇರಿಗೆ ಕೂತೆ. ಯಾಕೆ ಅಂತ ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮೊದಲು ಇದು ಯಾರ ತಯಾರಿ ಅಂತ ನೋಡಬೇಕಲ್ಲ. ಈ ಜಾತಿಯ ಸ್ಟೋವ್ ಹುಟ್ಟಿದ್ದು ಸ್ವೀಡನ್‌ನಲ್ಲಿ. 1892ರಲ್ಲಿ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಮಾಡಿದ, ಬತ್ತಿಯಿಲ್ಲದ, ಮಸಿಯಿಲ್ಲದ ಈ ಒಲೆ ಪ್ರೈಮಸ್ ಅನ್ನುವ ಹೆಸರಲ್ಲಿ ಲೋಕವೆಲ್ಲ ಸುತ್ತಿತು. ಅಮುಂಡ್ಸೆನ್ ದಕ್ಷಿಣ ಧ್ರುವಕ್ಕೆ ಹೋದಾಗಲೂ ಜೊತೆಗಿತ್ತು. ಆಮೇಲೆ ಅದೇ ಮಾದರಿಯನ್ನು ನೋಡಿಕೊಂಡು ನಮ್ಮಲ್ಲೂ ಬೇಕಾದಷ್ಟು ಜನ ಮಾಡಿದರು. ಹೆಸರು ಸಾಮಾನ್ಯವಾಗಿ ಟ್ಯಾಂಕಿನ ಮೇಲೇ ಅಚ್ಚಾಗಿರುತ್ತೆ. ಆದರೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಇದರ ಅಕ್ಷರಗಳು ಸವೆದುಹೋಗಿದ್ದವು. ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದಾಗ ಕೊನೆಯಲ್ಲಿ 'ಇಂಡಿಯಾ' ಅನ್ನುವಷ್ಟು ಮಾತ್ರ ಮೂಡಿತು. ಆ ಹೆಸರನ್ನು ಅಳಿಸಿದ ಕೈಗಳಲ್ಲಿ ಆ ಹುಡುಗಿಯದೂ ಒಂದು. ನಮ್ಮಮ್ಮನದಲ್ಲ. ಅಮ್ಮ ಈ ಸ್ಟೋವನ್ನು ಒಂದು ದಿನವೂ ಹಚ್ಚಿದವರಲ್ಲ ಅಂತ ನನಗೆ ಆಮೇಲೆ ಹೊಳೆಯಿತು. ನಮ್ಮ ಅಡುಗೆಮನೆಯಲ್ಲಿದ್ದದ್ದು ಬತ್ತಿ ಸ್ಟೋವ್.

ಬಿಚ್ಚಿದೆ. ಪಂಪಿನ ತುದಿಯ ಚರ್ಮದ ವಾಷರ್ ಒಣಗಿದ ಕೊಬ್ಬರಿ ಚೂರಿನ ಹಾಗೆ ಸೆಟೆದಿತ್ತು. ಒಂದು ರಾತ್ರಿ ಹರಳೆಣ್ಣೆಯಲ್ಲಿ ನೆನೆಸಿಟ್ಟು, ಬೆಳಿಗ್ಗೆ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಬಟ್ಟಲಿನ ಆಕಾರಕ್ಕೆ ತಂದೆ. ಪಂಪಿನ ಬುಡದಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತೆ. ಹೊರಗಿನ ಗಾಳಿಯನ್ನು ಒಳಗೆ ಬಿಡುತ್ತೆ, ಒಳಗಿನ ಎಣ್ಣೆಯನ್ನು ಹೊರಗೆ ಬಿಡಲ್ಲ. ಅದರ ರಬ್ಬರ್ ಪುಡಿಪುಡಿಯಾಗಿತ್ತು. ನಿಪ್ಪಲ್ಲಿನ ತೂತು ಕಟ್ಟಿಕೊಂಡಿತ್ತು. ನಮ್ಮ ಕಾಲದ ಸ್ಟೋವ್ ಪಿನ್ನು ನೆನಪಿದೆಯಾ, ತಗಡಿನ ಪಟ್ಟಿಯ ತುದಿಗೆ ಕೂದಲಿನಂಥ ತಂತಿ? ಅದನ್ನು ಹುಡುಕಲಿಕ್ಕೇ ಎರಡು ಭಾನುವಾರ ಹೋಯಿತು.

ಎಲ್ಲ ಜೋಡಿಸಿ, ಎಣ್ಣೆ ಹಾಕದೆ ಬರೀ ಗಾಳಿ ತುಂಬಿ, ಬಕೆಟ್ ನೀರಿನಲ್ಲಿ ಮುಳುಗಿಸಿದೆ. ಎಣ್ಣೆ ಹಾಕುವ ಮುಚ್ಚಳದ ಹತ್ತಿರ ಗುಳ್ಳೆ ಬಂತು, ಗಾಳಿ ಬಿಡುವ ಸ್ಕ್ರೂ ಹತ್ತಿರ ಬಂತು. ಟ್ಯಾಂಕಿನ ಬೆಸುಗೆಯಲ್ಲಿ ಒಂದೇ ಒಂದು ಗುಳ್ಳೆ ಇಲ್ಲ. ಹೊಸದಾಗಿ ಬೆಸುಗೆ ಹಾಕಿದ ಗುರುತಿಲ್ಲ, ತಳ ಉಬ್ಬಿಲ್ಲ. ನಲವತ್ತು ವರ್ಷದ ಮೇಲೂ ಟ್ಯಾಂಕು ಗಟ್ಟಿಯಾಗಿ ಗಾಳಿ ಹಿಡಿದು ಕೂತಿತ್ತು. ನಾನು ಬಕೆಟ್ಟಿನ ಮುಂದೆ ತುಂಬಾ ಹೊತ್ತು ಕೂತೇ ಇದ್ದೆ.

ಹಾಗಂತ ಇಲ್ಲಿಗೇ ತೀರ್ಪು ಕೊಟ್ಟರೆ ನಾನೂ ಅವಸರ ಮಾಡಿದ ಹಾಗೆ. ಟ್ಯಾಂಕು ಒಡೆಯದೆಯೂ ಈ ಸ್ಟೋವ್ ಕೊಲ್ಲಬಲ್ಲದು. ಬರ್ನರ್ ಸರಿಯಾಗಿ ಕಾಯದೆ ಪಂಪ್ ಮಾಡಿದರೆ ಸೀಮೆಎಣ್ಣೆ ಆವಿಯಾಗದೆ ಎಣ್ಣೆಯಾಗಿಯೇ ಚಿಮ್ಮಿ, ಹಳದಿ ಬೆಂಕಿ ಎದೆಯೆತ್ತರ ಏಳುತ್ತೆ. ಉರಿಯುತ್ತಿರುವಾಗಲೇ ಮುಚ್ಚಳ ತೆಗೆದರೆ ಎಣ್ಣೆ ಹಾರುತ್ತೆ. ಆ ಕಾಲಕ್ಕೆ ಎಲ್ಲರೂ ಉಡುತ್ತಿದ್ದ ನೈಲೆಕ್ಸ್ ಸೀರೆಗೆ ಒಂದು ಕಿಡಿ ಸಾಕು. ನಿಜವಾಗಿಯೂ ಹಾಗೆ ಸತ್ತವರಿದ್ದಾರೆ, ಆ ಹೆಂಗಸರ ಗಂಡಂದಿರು ಇಲ್ಲದ ಅನುಮಾನ ಹೊತ್ತು ಬದುಕಿದ್ದೂ ಇರಬಹುದು. ಸುಳ್ಳಿಗೆ ಸ್ಟೋವ್ ಅಷ್ಟು ಅನುಕೂಲವಾಗಿದ್ದೇ ಅದಕ್ಕೆ ನೋಡಿ. ಅದು ನಂಬುವಂಥ ಸುಳ್ಳಾಗಿತ್ತು.

ನನ್ನನ್ನು ಕಾಡುವುದು ಆ ವಾಕ್ಯ. 'ಸ್ಟೋವ್ ಸಿಡಿದು ಸತ್ತಳು.' ಇದರಲ್ಲಿ ಕೆಲಸ ಮಾಡಿದ್ದು ಸ್ಟೋವ್, ಅನುಭವಿಸಿದ್ದು ಅವಳು. ಮೂರನೆಯವರಿಗೆ ಅಲ್ಲಿ ಜಾಗವೇ ಇಲ್ಲ. ನಾವು ಕಲ್ಲನ್ನು ಎಡವಿ 'ಕಲ್ಲು ಹೊಡೀತು' ಅನ್ನುತ್ತೇವೆ, ಬೀಳುವ ಮಗುವಿನ ಸಮಾಧಾನಕ್ಕೆ ನೆಲಕ್ಕೆ ಎರಡೇಟು ಹೊಡೆಯುತ್ತೇವೆ. ವಸ್ತುವಿನ ಮೇಲೆ ತಪ್ಪು ಹೊರಿಸುವುದು ನಮಗೆ ಸಲೀಸು, ಯಾಕಂದರೆ ಅದು ಎದುರು ಮಾತಾಡುವುದಿಲ್ಲ. 1983ರ ಕೊನೆಯಲ್ಲಿ ದಂಡಸಂಹಿತೆಗೆ 498ಎ ಸೇರಿತು, 1986ರಲ್ಲಿ 304ಬಿ ಸೇರಿತು. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಸುಟ್ಟಗಾಯದಿಂದಲೋ ಅಸಹಜವಾಗಿಯೋ ಸತ್ತರೆ, ಅದಕ್ಕೆ ಸ್ವಲ್ಪ ಮುಂಚೆ ವರದಕ್ಷಿಣೆಗೆ ಪೀಡಿಸಿದ್ದು ರುಜುವಾದರೆ, ಗಂಡ ಮತ್ತು ಅವನ ಕಡೆಯವರೇ ಸಾವಿಗೆ ಕಾರಣ ಅಂತ ಎಣಿಸಲಾಗುವುದು ಅಂದಿತು. ಕಾನೂನು ತಿಳಿದವರು ಇದನ್ನು ಬೇರೆ ಥರ ವಿವರಿಸಬಹುದು. ನನ್ನ ಕಣ್ಣಿಗೆ ಕಾಣುವುದು ಇಷ್ಟು: ಆ ವಾಕ್ಯದಲ್ಲಿ ಮನುಷ್ಯರಿಗೂ ಒಂದು ಜಾಗ ಮಾಡಿಕೊಟ್ಟಿತು. ಆದರೂ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು 1990ರ ದಶಕದಲ್ಲಿ ಆಸ್ಪತ್ರೆಯ ಸುಟ್ಟಗಾಯದ ವಾರ್ಡುಗಳಿಗೆ ಅಲೆದು, ಪೊಲೀಸ್ ದಾಖಲೆ ತಿರುವಿ ಹಾಕಿದಾಗ, ಆಗಲೂ ಅದೇ ಸ್ಟೋವ್ ಸಿಡಿಯುತ್ತಲೇ ಇತ್ತು.

ಊರಿನ ಸ್ನೇಹಿತನೊಬ್ಬ ಅರ್ಧ ಲೀಟರ್ ಸೀಮೆಎಣ್ಣೆ ತಂದುಕೊಟ್ಟ. ಒಂದು ಸಂಜೆ ಬಾಲ್ಕನಿಯಲ್ಲಿಟ್ಟು ಬರ್ನರ್ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಹಾಕಿ ಹಚ್ಚಿದೆ. ಅದು ಆರುವ ಹೊತ್ತಿಗೆ ಹತ್ತು ಸಲ ಪಂಪ್ ಮಾಡಿದೆ. ಬುಸ್ಸ್ ಅಂತ ನೀಲಿ ಬೆಂಕಿ ಹಿಡಿಯಿತು. ಏನು ಸದ್ದು ಅಂತೀರಿ! ಮರೆತೇಹೋಗಿತ್ತು ನನಗೆ.

ಅಮ್ಮ ಒಳಗೆ ಟೀವಿ ನೋಡುತ್ತಿದ್ದವರು ಎದ್ದು ಬಂದು ಬಾಗಿಲಲ್ಲಿ ನಿಂತರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಮ್ಗೂ ಅವ್ರಿಗೂ ಒಂದೇ ಗೋಡೆ. ಅವಳು ಹಚ್ಚಿದ್ರೆ ನಮ್ಮನೇಲಿ ರೇಡಿಯೋ ಕೇಳಿಸ್ತಿರ್ಲಿಲ್ಲ. ಅವತ್ತು ಮಧ್ಯಾಹ್ನ ನಾನು ರೇಡಿಯೋ ಕೇಳ್ತಾ ಇದ್ದೆ ಕಣೋ" ಅಂದರು.

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಯಾರಿಗಾದ್ರೂ ಹೇಳಿದ್ಯಾ ಅಮ್ಮ?"

"ಪೊಲೀಸ್ನೋನು ಬಂದಿದ್ದ. ನಿಮ್ಮಪ್ಪ ಬಾಗಿಲಲ್ಲೇ ನಿಂತು, ನಮ್ಗೇನೂ ಗೊತ್ತಿಲ್ಲ ಅಂದ್ರು. ನನ್ನನ್ನ ಯಾರು ಕೇಳಿದ್ರು?"

ಅಪ್ಪ ಹೇಳಿದ್ದು ಸುಳ್ಳಾ? ಅವರು ಆ ಮಧ್ಯಾಹ್ನ ಆಫೀಸಿನಲ್ಲಿದ್ದರು, ಅವರಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿದ್ದದ್ದಾದರೂ ಏನು? ಒಂದು ಸದ್ದು ಕೇಳಲಿಲ್ಲ ಅನ್ನುವುದು. ಅದನ್ನು ಸಾಕ್ಷಿ ಅಂತ ಯಾವ ಕೋರ್ಟು ತೆಗೆದುಕೊಳ್ಳುತ್ತಿತ್ತೋ. ಹೀಗೆಲ್ಲ ನಾನು ನನ್ನ ಮನೆಯವರ ಪರ ವಾದ ಮಾಡಿಕೊಂಡೆ, ಬಹಳ ದಿನ ಮಾಡಿಕೊಂಡೆ. 'ನಮಗೆ' ಅನ್ನುವ ಒಂದು ಪದ ಮಾತ್ರ ಆ ವಾದಕ್ಕೆ ಬಗ್ಗುತ್ತಿಲ್ಲ. 'ನನಗೆ ಗೊತ್ತಿಲ್ಲ' ಅಂದಿದ್ದರೆ ಅಪ್ಪ ಸತ್ಯವಂತರು. 'ನಮಗೆ' ಅಂದಾಗ ಒಳಗೆ ಒಲೆಯ ಮುಂದಿದ್ದ ಅಮ್ಮನ ಕಿವಿಯನ್ನೂ ಸೇರಿಸಿ ಮುಚ್ಚಿದರು. ಅಮ್ಮ ಮೂವತ್ತು ರೂಪಾಯಿ ಕೊಟ್ಟು ತಮಗೆ ಬೇಡದ ಒಂದು ಸ್ಟೋವ್ ಕೊಂಡು, ಹಚ್ಚದೆ, ಮಾರದೆ, ಮನೆ ಬದಲಾಯಿಸಿದಾಗಲೂ ಹೊತ್ತು ತಂದು ಅಟ್ಟದಲ್ಲಿಟ್ಟರು. ಯಾಕೆ ಅಂತ ಕೇಳಿದೆ. "ಏನೋ, ಇರ್ಲಿ ಅನ್ನಿಸ್ತು" ಅಂದು, ಬಗ್ಗಿ ಸ್ಕ್ರೂ ತಿರುಗಿಸಿ ಗಾಳಿ ಬಿಟ್ಟರು. ಸ್ಟೋವ್ ಆರಿತು.

ಪಾಲಿಶ್ ಮಾಡಿಸಿಲ್ಲ. ಒಂದು ಮಗ್ಗುಲಲ್ಲಿ ಮಸಿಯ ಕಲೆಯಿದೆ, ಅದನ್ನು ಹಾಗೇ ಬಿಟ್ಟಿದ್ದೇನೆ. ಮೊನ್ನೆ ತಮ್ಮನ ಹೆಂಡತಿ ಫೋನ್ ಮಾಡಿದಾಗ ಸ್ಟೋವ್ ಏನಾಯ್ತು ಅಂತ ಕೇಳಿದಳು. ಈ ಸಲ ಪೂರ್ತಿ ಕತೆ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಭಾವ, ಆ ಹುಡುಗಿ ಹೆಸರೇನು?" ಅಂದಳು.

ನನಗೆ ಗೊತ್ತಿರಲಿಲ್ಲ. ಅಮ್ಮನನ್ನು ಕೇಳಿ ಹೇಳ್ತೀನಿ ಅಂದೆ.