ಓದುಗನಿಗೆ ಸಲ್ಲುವ ಋಣ

ಪುಸ್ತಕದ ಮುನ್ನುಡಿಯ ಕೊನೆಯಲ್ಲಿ ಲೇಖಕನು ಓದುಗರನ್ನು ನೆನೆಯುವುದನ್ನು ಬಹುಮಂದಿ ಬರಿಯ ಶಿಷ್ಟಾಚಾರವೆಂದು ಬಗೆದಿದ್ದರೂ, ಭಾರತೀಯ ಕಾವ್ಯಮೀಮಾಂಸೆಯ ಕಡೆಯಿಂದ ನೋಡಿದಾಗ ಆ ನೆನಕೆಗೆ ಗಟ್ಟಿಯಾದ ತತ್ತ್ವದ ಆಧಾರವಿರುವುದು ಕಂಡುಬರುತ್ತದೆ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿದ್ದ ಆನಂದವರ್ಧನನು ಕಾವ್ಯದ ಮರ್ಮವನ್ನು ಬಲ್ಲವನನ್ನು ‘ಸಹೃದಯ’ನೆಂದು ಕರೆದನು. ಅವನ ‘ಧ್ವನ್ಯಾಲೋಕ’ಕ್ಕೆ ‘ಲೋಚನ’ವೆಂಬ ವ್ಯಾಖ್ಯಾನವನ್ನು ಬರೆದ ಅಭಿನವಗುಪ್ತನು, ಕಾವ್ಯವನ್ನು ಎಡೆಬಿಡದೆ ಅಭ್ಯಾಸಮಾಡಿ ಮನಸ್ಸಿನ ಕನ್ನಡಿಯನ್ನು ತಿಳಿಯಾಗಿಸಿಕೊಂಡು, ವರ್ಣಿತವಾದ ವಸ್ತುವಿನಲ್ಲಿ ತನ್ಮಯನಾಗುವ ಯೋಗ್ಯತೆ ಪಡೆದವನೇ ಸಹೃದಯನೆಂದು ವಿವರಿಸಿದನಲ್ಲದೆ, ಕವಿ ಮತ್ತು ಸಹೃದಯ ಇಬ್ಬರನ್ನೂ ಕೂಡಿಸಿಯೇ ಸರಸ್ವತಿಯ ತತ್ತ್ವವೆಂದು ಗ್ರಂಥಾರಂಭದಲ್ಲಿ ಕೊಂಡಾಡಿದನು. ‘ಕಾವ್ಯಮೀಮಾಂಸೆ’ಯ ಕರ್ತೃ ರಾಜಶೇಖರನಂತೂ ಪ್ರತಿಭೆಯನ್ನೇ ಎರಡಾಗಿ ಕಂಡು, ಕೃತಿಯನ್ನು ರಚಿಸುವುದಕ್ಕೆ ‘ಕಾರಯಿತ್ರೀ’ ಎಂದೂ ಅದನ್ನು ಭಾವಿಸಿ ಬೆಳೆಯಿಸುವುದಕ್ಕೆ ‘ಭಾವಯಿತ್ರೀ’ ಎಂದೂ ಹೆಸರಿಟ್ಟು, ಭಾವಕರು ದಿಕ್ಕುದಿಕ್ಕಿಗೆ ಒಯ್ಯದೆ ಕವಿಯ ಮನಸ್ಸಿನಲ್ಲಷ್ಟೇ ಉಳಿದ ಕಾವ್ಯದಿಂದ ಏನು ಪ್ರಯೋಜನವೆಂದು ಕೇಳಿದನು.

ಓದುಗನೂ ಕೃತಿಯನ್ನು ಬೆಳೆಯಿಸುತ್ತಾನೆಂಬ ಈ ಮಾತಿನ ನಿಜವು ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರ ಕತೆಗಳಲ್ಲಿ ಚೆನ್ನಾಗಿ ಗೋಚರಿಸುತ್ತದೆ. ಅವರು ಬಾಳಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆಯುತ್ತ ಹುಟ್ಟೂರನ್ನು ಮತ್ತೆಮತ್ತೆ ಬರೆದರು. ಅಘನಾಶಿನಿ ಹೊಳೆಯ ಉಪ್ಪುನೀರಿನ ಗಜನಿ ಗದ್ದೆಗಳನ್ನಾಗಲಿ ಅದೇ ತಾಲೂಕಿನ ಕಾಗಾಲದ ಕಡಲತಡಿಯನ್ನಾಗಲಿ ಎಂದೂ ಕಾಣದ ಬೀದರಿನ ಓದುಗನು ಆ ಕತೆಗಳನ್ನು ಹಿಡಿದು ಕೂತಾಗ, ತಾನು ಕಂಡ ಕೇರಿ, ತಾನು ಕೇಳಿದ ದನಿ, ತನ್ನ ಮನೆಯ ಹಿರಿಯರ ಮುಖ ಇವುಗಳನ್ನೇ ಒದಗಿಸಿ ಒಂದು ಹನೇಹಳ್ಳಿಯನ್ನು ತನ್ನೊಳಗೆ ಕಟ್ಟಿಕೊಳ್ಳುತ್ತಾನೆ. ಫ್ರಾನ್ಸಿನ ತತ್ತ್ವಜ್ಞ ಸಾರ್ತ್ರ್ 1947ರಲ್ಲಿ ಸಾಹಿತ್ಯವೆಂದರೇನೆಂಬ ಪ್ರಶ್ನೆಯನ್ನು ವಿಚಾರಿಸುವಾಗ, ಓದೆಂಬುದು ಲೇಖಕನು ದಾರಿತೋರಿಸಿದ ಸೃಷ್ಟಿಯೆಂದೂ ಬರವಣಿಗೆಯು ಓದುಗನ ಸ್ವಾತಂತ್ರ್ಯಕ್ಕೆ ಮಾಡಿದ ಮನವಿಯೆಂದೂ ಹೇಳಿದ್ದು ಇದಕ್ಕೆ ತೀರ ಸಮೀಪದ ವಿಚಾರ.

ಆದರೆ ಸಂಸ್ಕೃತದ ಮೀಮಾಂಸಕರು ಸಹೃದಯನನ್ನು ಅತಿ ವಿರಳನಾದ ವ್ಯಕ್ತಿಯೆಂದು ಭಾವಿಸಿದ್ದನ್ನು ಒಪ್ಪುವುದು ಕಷ್ಟ. ರಾಜಶೇಖರನು ಭಾವಕರನ್ನು ವಿಂಗಡಿಸುವಾಗ, ಏನೂ ರುಚಿಸದವರು, ಸಿಕ್ಕಿದ್ದನ್ನೆಲ್ಲ ಹುಲ್ಲಿನೊಡನೆಯೇ ನುಂಗುವವರು, ಮತ್ಸರಿಗಳು ಎಂದು ಮೂವರನ್ನು ಬದಿಗಿರಿಸಿ, ತತ್ತ್ವವನ್ನರಸುವ ನಾಲ್ಕನೆಯವನು ಸಾವಿರಕ್ಕೊಬ್ಬನೆಂದುಬಿಟ್ಟನು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವಾದರೋ ಕನ್ನಡ ನಾಡಿನ ಜನರಲ್ಲಿ ಓದನ್ನು ಗುರಿಯಿಟ್ಟು ಕಲಿಯದವರಿಗೂ ಕಾವ್ಯದ ಬಗೆ ತಿಳಿದಿದೆಯೆಂದು ಉದಾರವಾಗಿ ನುಡಿದಿದೆ. ಕರಾವಳಿಯ ಹೊನ್ನಾವರ, ಕುಮಟಾ, ಭಟ್ಕಳದ ತಾಳಮದ್ದಳೆಯ ಕೂಟಗಳು ಈ ಎರಡನೆಯ ಮತಕ್ಕೇ ಸಾಕ್ಷಿ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತನ ಪದ್ಯಕ್ಕೆ ಅರ್ಥಧಾರಿಯು ಆಗಲೇ ಹೊಳೆದ ಮಾತನ್ನು ಜೋಡಿಸುವ ಈ ಕಲೆಯಲ್ಲಿ, ಪ್ರಸಂಗದ ಕತೆಯನ್ನು ಮೊದಲೇ ಬಲ್ಲ ಕೃಷಿಕರೂ ವ್ಯಾಪಾರಿಗಳೂ ರಾತ್ರಿಯಿಡೀ ಕೂತು, ಈ ಸಲದ ಕರ್ಣನು ಕೃಷ್ಣನಿಗೆ ಏನುತ್ತರ ಕೊಟ್ಟಾನೆಂದು ಕಾಯುತ್ತಾರೆ, ಮತ್ತು ಅವರ ತಲೆದೂಗುವಿಕೆಯನ್ನು ಕಂಡು ಅರ್ಥಧಾರಿಯ ಮಾತು ಮತ್ತಷ್ಟು ಎತ್ತರಕ್ಕೇರುತ್ತದೆ. ಪುಸ್ತಕ ಬರೆಯುವವನಿಗೆ ಈ ಭಾಗ್ಯವಿಲ್ಲ. ಅವನ ಸಹೃದಯರು ಅವನ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಅವನ ಕೃತಜ್ಞತೆಯು ಮುಖ ಕಾಣದವರ ಕಡೆಗೆ ಹರಿಯಬೇಕಾಗುತ್ತದೆ.

ಹಾಗಿದ್ದಮೇಲೆ ಓದುಗರ ಉಪಕಾರವನ್ನು ತೀರಿಸುವುದೆಂತು? ಇಲ್ಲಿ ವೈದಿಕ ಪರಂಪರೆಯ ‘ಋಣ’ದ ಕಲ್ಪನೆ ನೆರವಿಗೆ ಬರುತ್ತದೆ. ಬ್ರಾಹ್ಮಣನು ದೇವತೆಗಳಿಗೆ, ಪಿತೃಗಳಿಗೆ, ಋಷಿಗಳಿಗೆ ಸಾಲಗಾರನಾಗಿಯೇ ಹುಟ್ಟುತ್ತಾನೆಂದು ‘ತೈತ್ತಿರೀಯ ಸಂಹಿತೆ’ ಹೇಳಿದರೆ, ‘ಶತಪಥ ಬ್ರಾಹ್ಮಣ’ವು ಸಹಮಾನವರ ಋಣವನ್ನೂ ಅದಕ್ಕೆ ಸೇರಿಸುತ್ತದೆ. ಇವುಗಳಲ್ಲಿ ಋಷಿಋಣದ ರೀತಿಯೇ ವಿಶಿಷ್ಟವಾದುದು: ಋಷಿಗಳಿಗೆ ಯಾವ ವಸ್ತುವನ್ನೂ ಮರಳಿಸಬೇಕಾಗಿಲ್ಲ, ಅವರು ಕಂಡದ್ದನ್ನು ಅಧ್ಯಯನಮಾಡಿದರೆ ಆ ಋಣ ಸಂದಾಯವಾಗುತ್ತದೆ. ಅಂದರೆ ಓದುವುದೇ ಸಾಲ ತೀರಿಸುವ ಬಗೆ. ಓದಿದ್ದನ್ನು ಮುಂದಿನವರಿಗೆ ದಾಟಿಸುವುದು ಅದರ ಮುಂದುವರಿಕೆ. ಲೇಖಕನೂ ಮೊದಲು ಓದುಗನಾಗಿದ್ದು, ಬೇರೆಯವರ ಪುಸ್ತಕಗಳಿಂದ ಪಡೆದುದರ ಬಲದಿಂದಲೇ ಬರೆಯತೊಡಗಿದವನಾದ್ದರಿಂದ, ಅವನ ಪುಸ್ತಕಪ್ರೀತಿ ಮತ್ತು ಓದುಗರ ಮೇಲಿನ ಕೃತಜ್ಞತೆ ಒಂದೇ ಋಣದ ಎರಡು ತುದಿಗಳಾಗುತ್ತವೆ.

ಕಾಗಾಲದಿಂದ ಅಘನಾಶಿನಿಯ ಅಳಿವೆಯಾಚೆಗಿರುವ ಗೋಕರ್ಣದ ಸೀಮೆಯಲ್ಲಿ ಈ ಋಣವನ್ನು ಎರಡು ತೆರದಲ್ಲಿ ಸಲ್ಲಿಸಿದವರಿದ್ದಾರೆ. 1912ರಲ್ಲಿ ಹುಟ್ಟಿದ ಗೌರೀಶ ಕಾಯ್ಕಿಣಿಯವರು ಬಂಕಿಕೊಡ್ಲದ ಶಾಲೆಯಲ್ಲಿ ಅಧ್ಯಾಪಕರಾಗಿದ್ದುಕೊಂಡು, ದೇಶವಿದೇಶಗಳ ಸಾಹಿತ್ಯವನ್ನೂ ತತ್ತ್ವವಿಚಾರವನ್ನೂ ತಾವು ಓದಿದಂತೆಯೇ ಕನ್ನಡ ಓದುಗರ ಮುಂದಿರಿಸುತ್ತ ಬಂದರು. ಗಣಪತಿ ವೇದೇಶ್ವರರು ತಾವಾಗಿ ಹೆಚ್ಚು ಬರೆಯದೆ, ಬೇರೆಯವರು ಬರೆದುದನ್ನು ಜೀವಮಾನವಿಡೀ ಕೂಡಿಸಿ, ಸ್ಟಡಿ ಸರ್ಕಲ್ ಎಂಬ ಗ್ರಂಥಾಲಯವನ್ನು ಗೋಕರ್ಣದಲ್ಲಿ ಕಟ್ಟಿ ಅಪರಿಚಿತ ಓದುಗರಿಗಾಗಿ ತೆರೆದಿಟ್ಟರು.