ಈಜುವವರ ವ್ರತ, ಕಾಯುವವರ ಕಣ್ಣು

ಹಿಡಿದ ವ್ರತವನ್ನು ನಡುವೆ ಬಿಡುವುದು ದೋಷವೆಂಬುದನ್ನು ಎಲ್ಲರೂ ಬಲ್ಲರು. ಆದರೆ ವ್ರತ ಹಿಡಿದವನು ತಾನಾಗಿ ಸಾಕೆನ್ನದೆ, ಬಳಿಯಲ್ಲಿದ್ದ ಮತ್ತೊಬ್ಬನು ಸಾಕೆಂದಾಗ ತಲೆಬಾಗಿದರೆ ಅದೂ ವ್ರತಭಂಗವೆ? ಈ ಪ್ರಶ್ನೆಯನ್ನು ಶಾಸ್ತ್ರವಾಕ್ಯಗಳಿಂದ ಬಿಡಿಸುವುದಕ್ಕಿಂತ, ಕಡಲನ್ನು ಈಜಿದ ತರುಣಿಯೊಬ್ಬಳ ವೃತ್ತಾಂತದಿಂದ ಬಿಡಿಸುವುದು ಸುಲಭವೆಂದು ತೋರುತ್ತದೆ.

ಕಲ್ಕತ್ತೆಯ ಆರತಿ ಸಾಹಾ 1940ರಲ್ಲಿ ಹುಟ್ಟಿದವಳು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಈಜಿದಾಗ ಆಕೆಗೆ ಹನ್ನೆರಡು ತುಂಬಿರಲಿಲ್ಲ. 1959ರ ಆಗಸ್ಟ್ 27ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟುವ ಅಂತರರಾಷ್ಟ್ರೀಯ ಸ್ಪರ್ಧೆಗೆ ಇಳಿದಳು. ಫ್ರಾನ್ಸಿನ ದಡದಿಂದ ಇಂಗ್ಲೆಂಡಿನ ದಡಕ್ಕೆ ನೇರ ಅಳತೆ ಸುಮಾರು 33 ಕಿಲೋಮೀಟರು. ಆದರೆ ನೇರವಾಗಿ ಹೋಗಲು ಆ ಕಡಲು ಬಿಡದು. ಸುಮಾರು ಆರು ಗಂಟೆಗೊಮ್ಮೆ ಹರಿವು ದಿಕ್ಕು ತಿರುಗಿ, ಈಜುವವರನ್ನು ಅಡ್ಡಲಾಗಿ ಒಯ್ಯುತ್ತದೆ. ಅಂದು ಆಕೆಯ ಬೆಂಗಾವಲಿನ ದೋಣಿಯೇ ಹೊತ್ತಿಗೆ ಸರಿಯಾಗಿ ಬಾರದೆ ಸುಮಾರು 40 ನಿಮಿಷ ವ್ಯರ್ಥವಾಯಿತು. ಕೊನೆಗೆ ದಡ ಕೆಲವೇ ಮೈಲಿ ಇದ್ದಾಗ ಹರಿವು ಎದುರಾಯಿತು. ಗಂಟೆಗಟ್ಟಲೆ ಕೈಬೀಸಿದರೂ ದಾರಿ ಸಾಗಲೊಲ್ಲದು. ದೋಣಿಯವನ ಒತ್ತಾಯಕ್ಕೆ ಮಣಿದು ಆಕೆ ಈಜನ್ನು ನಿಲ್ಲಿಸಿದಳು.

ಇದನ್ನು ಸೋಲೆನ್ನಬಹುದು, ನಿಷ್ಠೆಯ ಕೊರತೆಯೆನ್ನಲಾಗದು. ಏಕೆಂದರೆ ತಣ್ಣೀರಿನಲ್ಲಿ ಬಹಳ ಹೊತ್ತು ಇದ್ದವರ ಒಡಲ ಕಾವು ಇಳಿಯುತ್ತದೆ. ಕಾವು ಇಳಿದಂತೆ ಬುದ್ಧಿಯೂ ಮಂಕಾಗುತ್ತದೆ. ಮಂಕಾದವರಿಗೆ ತಾವು ಮಂಕಾಗಿರುವುದು ತಿಳಿಯದು; ಕೈಗಳು ಮಾತ್ರ ಅಭ್ಯಾಸಬಲದಿಂದ ಬೀಸುತ್ತಿರುತ್ತವೆ. ಆದುದರಿಂದಲೇ ದೋಣಿಯಲ್ಲಿರುವವರು ಆಗಾಗ ಮಾತನಾಡಿಸಿ, ಉತ್ತರ ತೊದಲುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ. ಈಜುವವರು ಸಂಕಲ್ಪವನ್ನು ತಮ್ಮಲ್ಲಿರಿಸಿಕೊಂಡು, ನಿಲ್ಲಿಸುವ ವಿವೇಕವನ್ನು ಮೊದಲೇ ಮತ್ತೊಬ್ಬರಿಗೆ ಒಪ್ಪಿಸಿರುತ್ತಾರೆ. ಆ ಒಪ್ಪಿಗೆ ವ್ರತದ ಒಂದು ಅಂಗವೇ ಆಗಿರುವಾಗ, ಅದನ್ನು ಪಾಲಿಸುವುದು ಭಂಗವೆಂತಾದೀತು? ಬಳಿಯವರ ಮಾತನ್ನು ಲೆಕ್ಕಿಸದೆ ಮುನ್ನುಗ್ಗುವುದನ್ನು ನಮ್ಮ ಜನ ನಿಷ್ಠೆಯೆಂದು ಹೊಗಳುವುದುಂಟು. ನನ್ನ ಮಟ್ಟಿಗೆ ಅದು ಹಠ. ಅದರೊಳಗೆ ಅಹಂಕಾರದ ಪಾಲೇ ಹೆಚ್ಚು.

ಅದೇ ವರ್ಷ ಸೆಪ್ಟೆಂಬರ್ 29ರಂದು ಆರತಿ ಮತ್ತೆ ಇಳಿದು, 16 ಗಂಟೆ 20 ನಿಮಿಷ ಈಜಿ, ಇಂಗ್ಲೆಂಡಿನ ದಡವನ್ನು ಮುಟ್ಟಿದಳು. ಆ ಕಾಲುವೆಯನ್ನು ದಾಟಿದ ಏಷ್ಯಾದ ಮೊದಲ ಸ್ತ್ರೀ ಆಕೆ. 1960ರಲ್ಲಿ ಪದ್ಮಶ್ರೀ ಬಂದಿತು. ಹೀಗೆ ಗೆದ್ದುದರಿಂದ ಹಿಂದಿನ ನಿಲುಗಡೆ ಸರಿಯಾಯಿತೆಂದು ಕೆಲವರು ವಾದಿಸಿಯಾರು. ಆ ವಾದ ನನಗೆ ಒಪ್ಪಿಗೆಯಿಲ್ಲ. ಆಕೆ ಎಂದೆಂದಿಗೂ ದಾಟದೆ ಹೋಗಿದ್ದರೂ ಆಗಸ್ಟಿನಲ್ಲಿ ನಿಂತದ್ದು ಸರಿಯೇ.

ಹಾಗಾದರೆ ಭಾರವೆಲ್ಲ ಕಾಯುವವರ ಮೇಲೆ ಬಿತ್ತಷ್ಟೆ. ಕಾಯುವುದೂ ಒಂದು ಕಾಯಕ. ಬಿರುದು ಬಾರದ ಕಾಯಕ. ಮಕ್ಕಳನ್ನು ಇಂಥ ಸ್ಪರ್ಧೆಗಳಿಗೆ ಕಳುಹಿಸುವ ಗೃಹಸ್ಥರು ಪದಕದ ಮಾತೆತ್ತುವ ಮುನ್ನ, ಜೊತೆಯಲ್ಲಿ ಯಾರಿರುತ್ತಾರೆ, ಅವರ ಕಣ್ಣಿಗೆ ಬೇರೆ ಕೆಲಸವುಂಟೆ ಎಂದು ವಿಚಾರಿಸತಕ್ಕದ್ದು. 2010ರ ಅಕ್ಟೋಬರ್ 23ರಂದು ಅರಬ್ ಎಮಿರೇಟ್ಸಿನ ಫುಜೈರಾದಲ್ಲಿ, ಬೆಚ್ಚನೆಯ ಕಡಲಿನಲ್ಲಿ ನಡೆದ 10 ಕಿಲೋಮೀಟರ್ ವಿಶ್ವಕಪ್ ಸ್ಪರ್ಧೆಯಲ್ಲಿ ಅಮೆರಿಕದ ಫ್ರಾನ್ ಕ್ರಿಪ್ಪನ್ ಎಂಬ 26 ವರ್ಷದ ಈಜುಗಾರ ಮುಳುಗಿದ. ಅವನು ಮುಳುಗಿದುದನ್ನು ಯಾರೂ ಕಾಣಲಿಲ್ಲ. ಮೊದಲೇ ದಡ ಸೇರಿದ ಸಂಗಡಿಗರು ಅವನಿಲ್ಲವೆಂದು ಅರಿತು, ದಣಿದ ಮೈಯಲ್ಲೇ ಮತ್ತೆ ನೀರಿಗಿಳಿದು ಹುಡುಕಿದರು. ದೇಹ ಸಿಕ್ಕಿದುದು ಸುಮಾರು ಎರಡು ಗಂಟೆಗಳ ಮೇಲೆ.